ತಾನಾಗಿ ನಿಲ್ಲದ ನೌಕೆ

ಮೊನ್ನೆ ಕತ್ರಿಗುಪ್ಪೆಯ ಅಂಗಡಿಯೊಂದರಲ್ಲಿ, ಬೆರಳಿಗೆ ಹತ್ತಿದ ಕೇರಂ ಪೌಡರನ್ನು ಉಜ್ಜುತ್ತ ನಿಂತಾಗ ಆ ಮಧ್ಯಾಹ್ನ ನೆನಪಾಯಿತು.

ಏಳನೇ ಕ್ಲಾಸಿನ ರಜೆ. ನಾನು ಕಂಪ್ಯೂಟರಿನಲ್ಲಿ ಆಡುತ್ತಿದ್ದ ಬಾಹ್ಯಾಕಾಶದ ಆಟದಲ್ಲಿ ನೌಕೆಯನ್ನು ತಾನೇ ಸಂಭಾಳಿಸುವ ‘ಅಸಿಸ್ಟ್’ ಇತ್ತು. ಅದನ್ನು ಆಫ್ ಮಾಡಿಯೇ ಹಾರಿಸಬೇಕೆಂಬುದು ನನ್ನ ಹಟ. ಆಗ ಬಟನ್ ಬಿಟ್ಟರೂ ನೌಕೆ ನಿಲ್ಲುತ್ತಿರಲಿಲ್ಲ. ಜಾರುತ್ತ ಹೋಗಿ ನಿಲ್ದಾಣದ ಗೋಡೆಗೆ ಬಡಿಯುತ್ತಿತ್ತು. ನಾಲ್ಕನೇ ಸಲ ಬಡಿದಾಗ, ಹಿಂದೆ ದಿವಾನ್ ಮೇಲೆ ಕೂತಿದ್ದ ತಾತ ಬಾಯಿ ಬಿಟ್ಟರು.

“ಪೌಡರ್ ಜಾಸ್ತಿ ಆಗಿರೋ ಕೇರಂ ಬೋರ್ಡ್ ಥರ ಇದೆ ಪುಟ್ಟಿ. ತಾನಾಗೇ ನಿಲ್ಲಲ್ಲ. ಎಷ್ಟು ತಳ್ಳಿದ್ಯೋ ಅಷ್ಟೇ ವಾಪಸ್ ತಳ್ಳು. ಗೋಡೆ ಹತ್ರ ಬರೋಕ್ ಮುಂಚೇನೇ ಶುರು ಮಾಡು.”

ಕೀಬೋರ್ಡನ್ನು ಅವರ ತೊಡೆಯ ಮೇಲಿಟ್ಟೆ. ಕೇರಂನಲ್ಲಿ ಬನಶಂಕರಿಯ ಅರ್ಧ ಜನರನ್ನು ಸೋಲಿಸಿದ್ದ ಕೈ ಈಗ ನಡುಗುತ್ತಿತ್ತು. ಅದೇ ಬೆರಳಿನಿಂದ ಬಟನ್ನನ್ನು ಮೆಲ್ಲಗೆ ತಟ್ಟಿದರು. ನೌಕೆ ಓಲಾಡಿತು.

“ಅಸಿಸ್ಟ್ ಹಾಕ್ಲಾ ತಾತ?”

“ಬೇಡ ಇರು. ಆಗತ್ತೆ.”

ಇನ್ನೆರಡು ಸಲ ತಟ್ಟಿದರು. ನೌಕೆ ಸದ್ದಿಲ್ಲದೆ ನಿಲ್ದಾಣದೊಳಗೆ ಇಳಿಯಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಕೂಗಿದಳು. “ಅಪ್ಪಾ, ಕಾಫಿ ಆಯ್ತು. ವಾಕರ್ ಹಿಡ್ಕೊಂಡು ಬನ್ನಿ.”

ಡಾಕ್ಟರ್ ಹೇಳಿದ್ದಕ್ಕೆ ತಂದಿದ್ದ ಆ ವಾಕರ್, ಪ್ಲಾಸ್ಟಿಕ್ ಕವರನ್ನೂ ಬಿಚ್ಚಿಸಿಕೊಳ್ಳದೆ, ವಾರದಿಂದ ಬಾಗಿಲ ಪಕ್ಕ ನಿಂತಿತ್ತು. ತಾತ ಅದರತ್ತ ನೋಡಲಿಲ್ಲ. ಗೋಡೆ ಹಿಡಿದು ಎದ್ದರು.

ನಾನು ಅವರ ಹಿಂದೆ ಒಂದು ಗೇಣು ಅಂತರದಲ್ಲಿ, ಎರಡೂ ಕೈ ಚಾಚಿಕೊಂಡು, ಮುಟ್ಟದೆ, ಅಡುಗೆಮನೆಯವರೆಗೂ ನಡೆದೆ.