ಓಗೊಡುವವರು

ಯೋರಾಮನ ಪ್ರಾರ್ಥನೆ ಮೊದಲ ಸಾಲಿನಲ್ಲೇ ನಿಂತಿತು. ಅಲ್ಲಿ ಉಳಿದವರು ‘ಆಮೆನ್’ ಎನ್ನಬೇಕು. ಸತ್ತ ತಾಯಿಗಾಗಿ ಹೇಳುವ ಈ ಪ್ರಾರ್ಥನೆಗೆ ಹತ್ತು ಮಂದಿ ಯೆಹೂದ್ಯರು ಸೇರಬೇಕು. ಬಾಗಲೂರಿನ ಗುಲಾಬಿ ತೋಟದಲ್ಲಿ ಇದ್ದ ಯೆಹೂದ್ಯ, ಹನಿ ನೀರಾವರಿ ಕಲಿಸಲು ಇಸ್ರೇಲಿನಿಂದ ಬಂದ ಅವನೊಬ್ಬನೇ.

“ಯಾಕ್ ಸಾರ್ ನಿಲ್ಲಿಸ್ಬುಟ್ರಿ?” ಗುಲಾಬಿಯ ಮುಳ್ಳು ಸವರಿ ಕಂತೆ ಕಟ್ಟುತ್ತಿದ್ದ ಚೆನ್ನಮ್ಮ ಕೇಳಿದಳು. “ಒಬ್ರೇ ಹೇಳುದ್ರೆ ನಿಮ್ ದೇವ್ರಿಗೆ ಕೇಳ್ಸಲ್ವಾ?”

“ದೇವರು ಇದಾನೋ ಇಲ್ವೋ, ಗೊತ್ತಿಲ್ಲ” ಎಂದ ಅವನು, ಅರೆಬರೆ ಕನ್ನಡದಲ್ಲಿ. “ಜನ ಬೇಕು.”

“ಇಲ್ದಿರೋ ದೇವ್ರದು ಇಷ್ಟೊಂದು ಕಟ್ಟುಪಾಡಾ ಸಾರ್?”

ಅವನು ನಗಲಿಲ್ಲ. ಕಣ್ಣು ಮುಚ್ಚಿ ಮತ್ತೆ ಶುರು ಮಾಡಿದ. ಅದೇ ಜಾಗಕ್ಕೆ ಬಂದು ನಿಲ್ಲಿಸಿದ. ಚೆನ್ನಮ್ಮ ಮುಳ್ಳು ಸವರುವುದನ್ನು ಬಿಡದೆ, ಕಥೆ ಕೇಳುವವಳ ಹಾಗೆ, “ಹೂಂ” ಎಂದಳು.

ಯೋರಾಮ ಮುಂದಿನ ಸಾಲು ಹೇಳಿದ.