ಗೋಡೆಯಾಚೆಯ ಕೆಮ್ಮು

'ನಿಲ್ಲು' ಎಂಬ ಒಂದೇ ಆಜ್ಞೆ ಬಾಕಿ. ಅಳಿಯನ ಬೆರಳು ಗುಂಡಿಯ ಮೇಲಿತ್ತು. ಮನಸ್ಸು ಮಾತ್ರ ಮನೆಯ ಬಾಗಿಲಲ್ಲಿ ನಿಂತಿತ್ತು.

"ಅಮ್ಮನ ಎಂಜಿನ್ ನಿಲ್ಲಿಸಿದ್ರೆ ಊಟ ಹೊರಗೇ ಮಾಡ್ಕೊಂಡು ಬನ್ನಿ," ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು.

ಅವನದು ಕಳ್ಳತನವಲ್ಲ, ಸಂಬಳದ ಕೆಲಸ. ವಿಮಾನದ ಹೊಸ ಎಂಜಿನ್ನಿನೊಳಗೆ ದುರುಳರು ಕಂಪ್ಯೂಟರ್ ಮೂಲಕ ನುಗ್ಗಬಲ್ಲರೇ ಎಂದು ತಾನೇ ನುಗ್ಗಿ ನೋಡಬೇಕು. ಸಂಜೆಯೊಳಗೆ ಅದು ನಿಂತರೆ ಹಾರಲು ಒಪ್ಪಿಗೆ ಸಿಗದು. ನಿಲ್ಲದಿದ್ದರೆ ಇವನ ಕೆಲಸಕ್ಕೇ ಕುತ್ತು. ಎಂಜಿನ್ನಿನ ಕಂಪ್ಯೂಟರ್ ಕಾವಲು ಕಟ್ಟಿದವರು ಅತ್ತೆ. ಜೊತೆಗೂಡಿ ಕಟ್ಟಿದ ಮಾವ ಹೋದ ವರ್ಷ ದೇವರ ಪಾದ ಸೇರಿದ್ದರು.

ಆ ಎಂಜಿನ್ನಿಗೆ ಒಂದೇ ಮೆದುಳಲ್ಲ. ಇಂಧನಕ್ಕೊಂದು, ಗಾಳಿಗೊಂದು, ಶಾಖಕ್ಕೊಂದು ಎಂದು ಮೈತುಂಬ ಚಿಕ್ಕ ಕಂಪ್ಯೂಟರುಗಳು. ಒಂದು ಹೇಳಿದ್ದನ್ನು ಇನ್ನೊಂದು ಪರೀಕ್ಷಿಸದೆ ನಂಬುವುದಿಲ್ಲ. ಥೇಟ್ ಅತ್ತೆಯ ಮನೆಮಂದಿ. ಬೆಳಗಿನಿಂದ ಅಳಿಯ ಒಂದೊಂದರ ಬಾಗಿಲೂ ತಟ್ಟಿ ಮುಖಭಂಗವಾಗಿ ಬಂದಿದ್ದ. ಕೊನೆಗೆ ಶಾಖದ ಕಂಪ್ಯೂಟರ್ ಮಾತ್ರ, 'ನಾನು ಇಂಧನದವನು' ಎಂದು ಇವನು ಸುಳ್ಳು ಹೇಳಿದ್ದೇ ತಡ, ಒಳಗೆ ಬಿಟ್ಟುಕೊಂಡಿತು. ಆ ಕುಟುಂಬದಲ್ಲಿ ಇವನ ಮಾತನ್ನು ಮೊದಲ ಸಲಕ್ಕೇ ನಂಬಿದ್ದು ಅದೊಂದೇ. ಅವನಿಗೆ ಕಣ್ಣು ತುಂಬಿ ಬಂತು.

ಗೋಡೆಯಾಚೆ ಎಂಜಿನ್ ಆರ್ಭಟಿಸುತ್ತಿತ್ತು. ನಡುನಡುವೆ ಯಾರೋ ಕೆಮ್ಮುತ್ತಿದ್ದರು. ಮೇಜಿನ ಮೇಲೆ ಲೋಟದ ನೀರು ಅಲುಗದೆ ನಿಂತಿತ್ತು. ಎತ್ತಿ ಕುಡಿದ.

ಮೂಲೆಯಲ್ಲಿ ಅತ್ತೆ ಕಣ್ಣುಮುಚ್ಚಿ ತುಟಿಯಲ್ಲೇ ದೇವರ ನಾಮ ಹೇಳುತ್ತ ಕುಳಿತಿದ್ದರು.

"ಅತ್ತೆ, ಈ ಗದ್ದಲದಲ್ಲೂ ಕೇಳಿಸ್ತಿದೆ ಅಂದ್ರೆ ಎಂಥ ಕೆಮ್ಮು! ಪಾಪ, ಅವರಿಗೆ ಔಷಧಿ ಕೊಡಿಸಬಾರದೇ?"

"ಅವರಿಗೆ ಇನ್ನು ಔಷಧಿ ಬೇಕಿಲ್ಲ. ನೀವು ನಿಮ್ಮ ಕೆಲಸ ನೋಡಿ ಅಳಿಯಂದ್ರೇ."

ಒತ್ತಿದ. ದೀಪ ಆರಿಸಿದಂತೆ ಒಮ್ಮೆಲೇ ಆರ್ಭಟ ಅಡಗಿತು. ಕೆಮ್ಮೂ ಅಡಗಿತು.

"ಕ್ಷಮಿಸಿ ಅತ್ತೆ. ಗೆದ್ದುಬಿಟ್ಟೆ."

"ಸಂತೋಷ. ಬನ್ನಿ, ಎಂಜಿನ್ನಿಗೆ ಒಂದು ಸಲ ಕೈಮುಗಿದು ಬರೋಣ."

ಅತ್ತೆ ಪಕ್ಕದ ಕೋಣೆಗೆ ಹೋಗಲಿಲ್ಲ. ಅವನನ್ನು ಗಾಡಿ ಹತ್ತಿಸಿ ಆವರಣದ ಆ ತುದಿಗೆ ಕರೆದೊಯ್ದರು. ಅಲ್ಲಿ ನೆಲವೇ ನಡುಗುತ್ತಿತ್ತು. ಕಿಟಕಿಯಂಚಿನ ಲೋಟದಲ್ಲಿ ನೀರು ಕುಣಿಯುತ್ತಿತ್ತು. ದಪ್ಪ ಗಾಜಿನ ಹಿಂದೆ ಎಂಜಿನ್ ಬೆಳಗಿನಿಂದ ಓಡುತ್ತಿದ್ದ ಹಾಗೆಯೇ ಓಡುತ್ತಿತ್ತು.

"ಹಾಗಾದ್ರೆ ನಾನು ನಿಲ್ಲಿಸಿದ್ದು?"

"ಕಳ್ಳರಿಗೆ ಅಂತಲೇ ಕಂಪ್ಯೂಟರಿನೊಳಗೆ ಕಟ್ಟಿಟ್ಟ ಸುಳ್ಳು ಎಂಜಿನ್ನು. ಗೋಡೆಯಾಚೆ ಇದ್ದದ್ದು ಬರೀ ಸ್ಪೀಕರ್. ನಮ್ಮ ಮನೇಲಿ ನಿಮ್ಮ ಮಾತು ಅಷ್ಟು ಬೇಗ ನಂಬೋರು ಯಾರಿದ್ದಾರೆ ಅಳಿಯಂದ್ರೇ?"

"ನನ್ನ ಕೆಲಸ ಹೋಯ್ತು."

"ಊಟ ಉಳೀತಲ್ಲ."

ಅಳಿಯ ತಲೆ ಕೆರೆದುಕೊಂಡ. "ಎಲ್ಲಾ ಸರಿ, ಆ ಕೆಮ್ಮು ಯಾಕೆ ಹಾಕಿದ್ರಿ?"

ಅತ್ತೆ ಕಣ್ಣೊರೆಸಿಕೊಂಡು ನಕ್ಕರು. "ಹಾಕಿದ್ದಲ್ಲ, ಅಳಿಸಲು ಮನಸ್ಸಾಗಲಿಲ್ಲ. ಆ ಸದ್ದು ರೆಕಾರ್ಡ್ ಮಾಡಿದ ದಿನ ನಿಮ್ಮ ಮಾವನಿಗೆ ನೆಗಡಿಯಾಗಿತ್ತು."