ನಗುವ ವಿಧವೆಯರು

ಗಂಡನನ್ನು ಕಳೆದುಕೊಂಡವರು ಇಷ್ಟೊಂದು ನಗಬಾರದು ಎಂದುಕೊಂಡ ಹಾಲಿಸ್.

ಚರ್ಚಿನ ನೆಲಮಾಳಿಗೆಯಲ್ಲಿ ಉದ್ದನೆಯ ಮೇಜಿನ ಸುತ್ತ ಕೂತ ಹೆಂಗಸರು ಕೆಂಪು, ಕಂದು, ಕಿತ್ತಳೆ ಬಣ್ಣದ ಕಾಗದ ಕತ್ತರಿಸುತ್ತಾ ಬಿದ್ದು ಬಿದ್ದು ನಗುತ್ತಿದ್ದರು. ಮೂಲೆಯಲ್ಲಿ ಕಾಫಿ ಕುದಿಯುತ್ತಿತ್ತು. ಪಕ್ಕದಲ್ಲಿ ಕುಂಬಳಕಾಯಿ ಪೈ ಅರ್ಧ ಖಾಲಿಯಾಗಿತ್ತು. ದುಃಖದ ಸುಳಿವು ಒಬ್ಬರ ಮುಖದಲ್ಲೂ ಇರಲಿಲ್ಲ.

ವಿಸ್ಕಾನ್ಸಿನ್‌ನ ಈ ಪುಟ್ಟ ಊರಿಗೆ ಅವನು ಬಂದು ವಾರವೂ ಆಗಿರಲಿಲ್ಲ. ಅರಿಜೋನಾದ ಮರಳುಗಾಡಿನಲ್ಲಿ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಇದು ಅವನ ಹೆಂಡತಿ ಡೆಲ್ಫೀನಳ ತವರು. ಅಕ್ಟೋಬರ್ ಬಂತೆಂದರೆ ಅವಳು ಹೇಳುತ್ತಿದ್ದಳು, "ನಮ್ಮೂರಲ್ಲಿ ಈಗ ಮೇಪಲ್ ಎಲೆಯೆಲ್ಲ ಕೆಂಪಾಗಿರುತ್ತೆ. ಒಂದ್ಸಲ ಕರ್ಕೊಂಡು ಹೋಗು ಮಾರಾಯ." ಅವನು ಮುಂದಿನ ವರ್ಷ, ಮುಂದಿನ ವರ್ಷ ಅನ್ನುತ್ತಲೇ ಬಂದ. ಹೋದ ಚಳಿಗಾಲ ಅವಳು ತೀರಿಕೊಂಡಳು. ಅವನು ಮನೆ ಮಾರಿ, ಅವಳ ಫೋಟೋಗಳನ್ನು ಶೂ ಡಬ್ಬಿಯಲ್ಲಿ ತುಂಬಿಕೊಂಡು ಇಲ್ಲಿಗೆ ಬಂದ. ಬರುವಷ್ಟರಲ್ಲಿ ನವೆಂಬರ್ ಮುಗಿಯುತ್ತಾ ಬಂದಿತ್ತು. ಮರಗಳ ಮೇಲೆ ಒಂದು ಎಲೆಯೂ ಉಳಿದಿರಲಿಲ್ಲ.

ಮೊನ್ನೆ ದಿನಸಿ ಅಂಗಡಿಯಲ್ಲಿ ಬರ್ನೀಸ್ ಎಂಬ ದಪ್ಪನೆಯ ಹೆಂಗಸು ಯಾರಿಗೋ ಹೇಳುತ್ತಿದ್ದಳು: "ಶನಿವಾರ ಚರ್ಚಲ್ಲಿ ವಿಧವೆಯರ ಕೂಟ ಕಣೇ. ಫೋಟೋ ತಗೊಂಡು ಬಾ, ಫೋಟೋ ಅಂಟಿಸೋ ಪುಸ್ತಕಕ್ಕೆ ಶರತ್ಕಾಲದ ಪುಟ ಮಾಡೋಣ."

ಹಾಲಿಸ್ ಧೈರ್ಯ ಮಾಡಿ ಕೇಳಿದ, "ಹೆಂಡತಿ ತೀರ್ಕೊಂಡವರೂ ಬರಬಹುದಾ?"

ಬರ್ನೀಸ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ದನಿ ಮೆತ್ತಗಾಯಿತು. "ಬನ್ನಿ, ಅದಕ್ಕೇನಂತೆ."

ಹಾಗೆ ಬಂದವನನ್ನು ಮಾರ್ಲಿಸ್ ಪಕ್ಕ ಕೂರಿಸಿದರು. ಬೆಳ್ಳಿಗೂದಲಿನ, ಶಾಂತ ಕಣ್ಣುಗಳ ಹೆಂಗಸು. ಎಲೆ ಮಾಡುವುದನ್ನು ಅವಳೇ ಕಲಿಸಿದಳು. ಕಾಗದವನ್ನು ನಡುವೆ ಮಡಚಿ ನರ ಮೂಡಿಸಬೇಕು. ಅಂಚಿಗೆ ಸ್ಪಂಜಿನಿಂದ ಕಂದು ಶಾಯಿ ಸವರಬೇಕು. ಅಂಟನ್ನು ಮಧ್ಯಕ್ಕೆ ಮಾತ್ರ ಹಚ್ಚಬೇಕು.

"ಅಂಚಿಗೂ ಮೆತ್ತಿದ್ರೆ ಎಲೆ ಸತ್ತ ಹಾಗೆ ಮಲಗಿಬಿಡುತ್ತೆ ಕಣ್ರೀ. ಗಾಳಿಗೆ ಈಗ ಹಾರುತ್ತೆ ಅನ್ನೋ ಹಾಗಿರ್ಬೇಕು."

ಹಾಲಿಸ್ ಕತ್ತರಿಸಿದ ಮೊದಲ ಎಲೆ ನೋಡಿ ಬರ್ನೀಸ್, "ಇದೇನು, ಬಾತುಕೋಳಿ ಪಾದವಾ?" ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ. ಹೆಂಡತಿ ಹೋದಮೇಲೆ ಇದೇ ಮೊದಲು.

ಮಾರ್ಲಿಸಳ ಪುಟದಲ್ಲಿ ಒಬ್ಬ ಎತ್ತರದ ಗಂಡಸು ಕಿತ್ತಳೆ ಬಣ್ಣದ ಕೋಟು, ಅದೇ ಬಣ್ಣದ ಟೋಪಿ ತೊಟ್ಟು ನಿಂತಿದ್ದ.

"ನಮ್ಮನೆಯವರು, ಆರ್ವಿಡ್."

"ಆ ಕೋಟು ಅಂದ್ರೆ ಅವರಿಗೆ ಬಹಳ ಇಷ್ಟ ಇತ್ತು ಅಂತ ಕಾಣುತ್ತೆ," ಎಂದ ಹಾಲಿಸ್ ಮೆಲ್ಲಗೆ.

"ಇಷ್ಟ ಅಂತೀರಾ! ಈಗ್ಲೂ ಅದ್ರಲ್ಲೇ ಇದಾರೆ."

ಕೋಟಿನ ಸಮೇತ ಮಣ್ಣು ಮಾಡಿದ್ದಾರೆ ಎಂದುಕೊಂಡ ಹಾಲಿಸ್.

ಬರ್ನೀಸ್ ಬಾಯಿ ಹಾಕಿದಳು. "ನಮ್ಮೆಜಮಾನರೂ ಆರ್ವಿಡ್ ಜೊತೆಗೇ ಹೋಗಿದ್ದು. ಒಂದೇ ಟ್ರಕ್ಕಲ್ಲಿ."

"ಅಯ್ಯೋ! ಇಬ್ಬರೂ ಒಟ್ಟಿಗೇನಾ? ತುಂಬಾ ಕಷ್ಟಪಟ್ರಾ?"

"ಕಷ್ಟಾನಾ? ಹಾಡ್ಕೊಂಡು ಹೋದ್ರು ರೀ! ಹೋಗೋ ಮುಂಚೆ ನನ್ನ ಹತ್ರ ಡಬ್ಬಿಗಟ್ಟಲೆ ಸ್ಯಾಂಡ್‌ವಿಚ್ ಬೇರೆ ಮಾಡಿಸ್ಕೊಂಡ್ರು. ಈಗ ಮನೇಲಿ ಗೊರಕೆ ಇಲ್ಲ, ಹಾಸಿಗೆ ಪೂರ್ತಿ ನಂದೇ."

"ಎಲ್ಲ ದೇವರ ಇಚ್ಛೆ," ಎಂದ ಹಾಲಿಸ್.

"ದೇವರ ಹೆಸರು ಯಾಕೆ ತರ್ತೀರಿ, ಅವರದೇ ಹಟ ಅದು."

ಮೇಜಿಗೆ ಮೇಜೇ ಮತ್ತೆ ನಕ್ಕಿತು. ಹಾಲಿಸ್ ತಲೆ ತಗ್ಗಿಸಿದ. ಅವರ ಗಟ್ಟಿತನ ಕಂಡು ಅವನಿಗೆ ನಾಚಿಕೆಯಾಯಿತು. ತಾನು ಒಂದು ಡಬ್ಬಿಯ ಮುಚ್ಚಳ ತೆರೆಯಲೂ ಹೆದರುತ್ತಿದ್ದೇನೆ, ಇವರು ನೋಡಿದರೆ ಸಾವನ್ನೇ ಚೇಷ್ಟೆ ಮಾಡುತ್ತಿದ್ದಾರೆ.

ಅವನು ಡಬ್ಬಿ ತೆರೆದ. ಡೆಲ್ಫೀನ್ ಒಂದು ಪಾಪಾಸುಕಳ್ಳಿಯ ಪಕ್ಕ ಕಣ್ಣು ಕಿರಿದು ಮಾಡಿ ನಿಂತ ಫೋಟೋ ಮೇಲೆಯೇ ಇತ್ತು. ಮಾರ್ಲಿಸ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ತನ್ನ ಪುಟಕ್ಕೆಂದು ಮಾಡಿಟ್ಟಿದ್ದ ಕೆಂಪು ಎಲೆಗಳನ್ನೆಲ್ಲ ಅವನ ಕಡೆ ಸರಿಸಿದಳು. ಬರ್ನೀಸ್ ಚಳಿಗೆ ಬೋಳಾದ ಕೊಂಬೆಯಂತೆ ಕಂದು ಕಾಗದ ಕತ್ತರಿಸಿಕೊಟ್ಟಳು. ಸ್ವಲ್ಪ ಹೊತ್ತಿನಲ್ಲಿ ಪಾಪಾಸುಕಳ್ಳಿ ಮರೆಯಾಗಿ, ಡೆಲ್ಫೀನ್ ತವರಿನ ಮೇಪಲ್ ಮರದ ಕೆಳಗೆ ನಿಂತಿದ್ದಳು. ಹಾಲಿಸ್ ಅತ್ತ. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ಕಾಫಿ ತಂದಿಟ್ಟರು ಅಷ್ಟೆ.

ಕಣ್ಣೊರೆಸಿಕೊಂಡು ಅವನು ಮಾರ್ಲಿಸಳನ್ನು ನೋಡಿದ. ಒಂಟಿ ಹೆಂಗಸು, ಇಷ್ಟು ಒಳ್ಳೆಯ ಮನಸ್ಸು. ಕಿವಿ ಬಿಸಿಯಾಯಿತು.

"ಭಾನುವಾರ ನಮ್ಮನೇಗೆ ಊಟಕ್ಕೆ ಬರ್ತೀರಾ? ಮೆಣಸಿನಕಾಯಿ ಹಾಕಿ ಬೀನ್ಸ್ ಕಾಳಿನ ಸಾರು ಮಾಡ್ತೀನಿ. ಒಬ್ಬರೇ ಕೂತು ಉಣ್ಣೋದು ಯಾರಿಗೂ ಬೇಡ."

"ಅಯ್ಯೋ, ಖಂಡಿತ ಬರ್ತೀವಿ," ಎಂದಳು ಮಾರ್ಲಿಸ್.

ಬರ್ತೀವಿ? ಬರ್ನೀಸಳನ್ನೂ ಕರೆತರುತ್ತಾಳೇನೋ. ಮೊದಲ ಸಲ, ಸಂಕೋಚ ಇರುತ್ತೆ. ಪರವಾಗಿಲ್ಲ ಎಂದುಕೊಂಡ ಹಾಲಿಸ್.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ಬಾಗಿಲು ದಡಾರನೆ ತೆರೆದುಕೊಂಡಿತು. ತಣ್ಣನೆ ಗಾಳಿಯ ಜೊತೆ ಕಿತ್ತಳೆ ಕೋಟಿನ ಗಂಡಸರ ದಂಡೇ ಒಳಗೆ ನುಗ್ಗಿತು. ಎಲ್ಲರಿಗಿಂತ ಮುಂದಿದ್ದ ಎತ್ತರದವನು ಟೋಪಿ ತೆಗೆದು ಕೂಗಿದ:

"ಮಾರ್ಲಿಸ್! ಜಿಂಕೆ ಬಿತ್ತು ಕಣೇ! ಈ ವರ್ಷದ ಬೇಟೆ ಮುಗೀತು, ಇನ್ನು ನೀವ್ಯಾರೂ ಬೇಟೆಗಾಲದ ವಿಧವೆಯರಲ್ಲ, ಎದ್ದು ಮನೇಗೆ ನಡೀರಿ!"

ಹಾಲಿಸನ ಕೈಯಿಂದ ಕಾಫಿ ಲೋಟ ಜಾರುವಷ್ಟರಲ್ಲಿ ಮಾರ್ಲಿಸ್ ಅದನ್ನು ಹಿಡಿದುಕೊಂಡು ಹೇಳಿದಳು, "ಬೂಟು ಒರೆಸ್ಕೊಳ್ಳಿ ಮೊದಲು. ಇವರು ಹಾಲಿಸ್ ಅಂತ, ಭಾನುವಾರ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದಾರೆ."